ಇಪ್ಪತ್ತೇಳನೆಯ ನಿಯಮ

ಕಾಟಿಪಳ್ಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದೇ ಪುಣ್ಯ. ತಾರಾನಾಥ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಹಿಡಿತ ಸಡಿಲಾದರೆ ಒಳಗಿನ ಡಬ್ಬಿ ಗಲಗಲ ಅನ್ನುತ್ತಿತ್ತು, ಪಕ್ಕದಲ್ಲಿ ಖಾಲಿ ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ತಿರುಗಿ ನೋಡುತ್ತಿದ್ದಳು. ಡಬ್ಬಿಯಲ್ಲಿದ್ದದ್ದು ಒಂದರಿಂದ ಇಪ್ಪತ್ತರವರೆಗೆ ಅಂಕೆ ಬರೆದ ಮರದ ಬಿಲ್ಲೆಗಳು, ಹಾವು-ಏಣಿ ಆಟದ ಎರಡು ದಾಳ, ನಾಲ್ಕು ಅಂಗಿಯ ಗುಂಡಿಗಳು. ಮೂವತ್ತಮೂರು ವರ್ಷದ ಗಂಡಸು, ವಿಮಾ ಕಚೇರಿಯ ಒಂದೇ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತು ಸವೆದವನು, ಭಾನುವಾರ ಬೆಳಿಗ್ಗೆ ದಾಳ ಕಟ್ಟಿಕೊಂಡು ಇನ್ನೊಬ್ಬರ ಮನೆಗೆ ಹೊರಟಿದ್ದಾನೆ ಅಂದರೆ ಜನ ಏನು ತಿಳಿದಾರು? ಜುಗಾರಿ ಅಂತಲೇ ತಿಳಿಯುತ್ತಾರೆ. ಜುಗಾರಿಯಾಗಿದ್ದರೆ ಎಷ್ಟೋ ವಾಸಿಯಿತ್ತು, ಅದಕ್ಕೊಂದು ಹೆಸರಾದರೂ ಉಂಟು. ಮಾಯಿಲಪ್ಪ ಮೂರು ಭಾನುವಾರದಿಂದ ಆಟಕ್ಕೆ ಬಂದಿರಲಿಲ್ಲ. ಮೊದಲನೆಯ ವಾರ ಬಂದರಿನಲ್ಲಿ ಶಿಫ್ಟ್ ಇರಬಹುದೆಂದುಕೊಂಡ. ಎರಡನೆಯ ವಾರ ಜ್ವರವಿರಬಹುದೆಂದುಕೊಂಡ. ಮೂರನೆಯ ವಾರ ಹಾಗೆಲ್ಲ ಅಂದುಕೊಳ್ಳುವುದಕ್ಕೆ ತನಗೇ ನಾಚಿಕೆಯಾಯಿತು. ಅವನು ಇನ್ನು ಬಾರದಿದ್ದರೆ ಆಟ ನಿಲ್ಲುತ್ತದೆ, ಅದು ಹೋಗಲಿ ಎಂದರೂ, ಇಡೀ ಮಂಗಳೂರಿನಲ್ಲಿ ತಾರಾನಾಥನ ಹತ್ತಿರ ವಿಮೆಯ ಕಂತನ್ನು ಬಿಟ್ಟು ಬೇರೆ ಮಾತಾಡುತ್ತಿದ್ದ ಒಬ್ಬ ಗೆಳೆಯನೂ ಹೋದಂತೆ.

ಆಟ ಬಂದದ್ದು ಬಹರೈನಿನಿಂದ. ನೆರೆಮನೆಯ ಮೋಹನದಾಸ್ ಎರಡು ವರ್ಷದ ಹಿಂದೆ ರಜೆಗೆ ಬಂದಾಗ, ಊರಿಗೆ ಮರಳಿದ ಯಾರೋ ಇಂಗ್ಲಿಷ್ ಎಂಜಿನಿಯರು ಬಿಟ್ಟುಹೋದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು, ‘ನಿಮಗೆ ಪುಸ್ತಕದ ಹುಚ್ಚು ಉಂಟಲ್ಲ, ಇಟ್ಕೊಳ್ಳಿ’ ಎಂದು ಕೊಟ್ಟಿದ್ದ. ಒಳಗೆ ಅರುವತ್ತು ಪುಟದ ನಿಯಮಗಳ ಪುಸ್ತಕ; ದಾಳಗಳು ಕಳೆದುಹೋಗಿದ್ದವು. ಒಬ್ಬ ಒಂದು ನಾಡನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಹೇಳುತ್ತ ಹೋಗಬೇಕು, ಉಳಿದವರು ಒಬ್ಬೊಬ್ಬ ವೀರನೋ ಕಳ್ಳನೋ ಆಗಿ ಆ ನಾಡಿನಲ್ಲಿ ತಿರುಗಬೇಕು, ಏನಾಗುತ್ತದೆ ಎಂಬ ಅನುಮಾನ ಬಂದಾಗ ದಾಳ ಹೇಳಿದಂತೆ ಕೇಳಬೇಕು, ಇಷ್ಟೇ. ಗೆಲ್ಲುವವರಿಲ್ಲ, ಮುಗಿಯುವುದೂ ಇಲ್ಲ. ಎರಡು ಮಳೆಗಾಲ ತಾರಾನಾಥ ಅದನ್ನು ನಮ್ಮ ಕಡೆಗೆ ಒಗ್ಗಿಸುವುದರಲ್ಲಿ ಕಳೆದ. ಹಿಮದ ಬೆಟ್ಟ ತೆಗೆದು ಹೊಳೆ ಕಡಲು ಸೇರುವ ಅಳಿವೆ ಹಾಕಿದ. ಉಕ್ಕಿನ ಕವಚ ತೊಟ್ಟವನಿಗೆ ಮೇ ತಿಂಗಳಲ್ಲಿ ತಾಸಿಗೆ ಒಂದು ಉಸಿರು ಕಡಿಮೆಯಾಗತಕ್ಕದ್ದು ಎಂದು ಬರೆದ. ಆಯುಷ್ಯದ ಲೆಕ್ಕಕ್ಕೆ ಅವನಿಟ್ಟ ಹೆಸರು ಉಸಿರು. ಮಳೆ ಹಿಡಿಯುವ ಪತ್ತನಾಜೆಯಿಂದ ಮಳೆ ಇಳಿಯುವ ಸೋಣ ತಿಂಗಳವರೆಗೆ ದೋಣಿ ಸಿಗದು ಎಂಬುದು ಇನ್ನೊಂದು ನಿಯಮ. ಎದುರಿನವರ ಮನಸ್ಸನ್ನು ಒಲಿಸುವ ಶಕ್ತಿಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪದವಿತ್ತು, ಅದನ್ನು ‘ಮಾತಿನ ತೂಕ’ ಎಂದು ಮಾಡಿ ನಾಲ್ಕು ದಿನ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಆಟ ಕನ್ನಡದಲ್ಲೇ ನಡೆಯಬೇಕು ಎಂಬುದು ಮೊದಲನೆಯ ನಿಯಮ, ತುಳುವಿನಲ್ಲಾದರೆ ಅರ್ಧ ಗಂಟೆಯಲ್ಲಿ ನಿಜವಾದ ಜಗಳವೇ ಆಗಿಬಿಡುತ್ತದೆ ಎಂಬ ಭಯದಿಂದ. ಕಂಕನಾಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಪಿಯುಸ್ ಎಲ್ಲವನ್ನೂ ಸ್ಟೆನ್ಸಿಲ್ ಮಾಡಿ ನಲವತ್ತು ಪುಟ ತೆಗೆದುಕೊಟ್ಟ. ಇಪ್ಪತ್ತು ಮುಖದ ದಾಳ ಊರಲ್ಲೆಲ್ಲೂ ಸಿಗದೆ ಹೋದಾಗ ಇಗರ್ಜಿಯಲ್ಲಿ ಅಂಕೆ ಕೂಗಿ ಆಡುವ ಹೌಸಿ ಆಟದ ಹಳೆಯ ಬಿಲ್ಲೆಗಳನ್ನು ತಂದವನೂ ಅವನೇ. ಡಬ್ಬಿಗೆ ಕೈಹಾಕಿ ಒಂದನ್ನು ಎತ್ತಿದರೆ ಆಯಿತು.

ಕುಲಶೇಖರದಲ್ಲಿ ತಾರಾನಾಥನ ಮನೆಯ ಮಾಳಿಗೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರೂ ಕೂಡುತ್ತಿದ್ದರು. ಪಿಯುಸ್ ಕಳ್ಳನಾಗಿದ್ದ, ‘ಬೆಳಿಗ್ಗೆ ಪೂಜೆಗೆ ಹೋಗಿ ಬಂದಿದ್ದೇನಲ್ಲ, ಇನ್ನು ಕದಿಯಬಹುದು’ ಅನ್ನುತ್ತಿದ್ದ. ತಾರಾನಾಥನ ಅಕ್ಕ ಗುಣವತಿ ತರಕಾರಿ ಹೆಚ್ಚುತ್ತಲೇ ಮಂತ್ರವಾದಿನಿಯಾಗಿ ಇಬ್ಬರು ರಾಕ್ಷಸರನ್ನು ಸುಟ್ಟಿದ್ದಳು. ಮಾಯಿಲಪ್ಪನ ವೀರನ ಹೆಸರು ದುಗ್ಗಣ, ನಕ್ಷೆಯ ಮೇಲೆ ಅವನ ಗುರುತು ನೀಲಿ ಗುಂಡಿ, ಮಾತಿನ ತೂಕ ಹದಿನಾರು. ಮಾಯಿಲಪ್ಪನೂ ಹಾಗೆಯೇ, ಹೆಚ್ಚು ಮಾತಾಡದವನು, ಆಡಿದರೆ ಪಿಯುಸ್ ಕೂಡ ಸುಮ್ಮನಾಗುತ್ತಿದ್ದ. ಬಂದರಿನಲ್ಲಿ ಕ್ರೇನು ಓಡಿಸುವ ಅವನು ಪಾಲಿಸಿ ಮಾಡಿಸಲು ಕಚೇರಿಗೆ ಬಂದಾಗ, ಅರ್ಜಿಯ ಹಳೆಯ ವಿಳಾಸ ನೋಡಿ ತಾರಾನಾಥನಿಗೆ ಗೊತ್ತಾಗಿತ್ತು. ಇಬ್ಬರದ್ದೂ ಒಂದೇ ಊರು, ಬಂದರಿಗಾಗಿ ಇಡೀ ಹೋಗಿಬಿಟ್ಟ ಊರು. ತಾರಾನಾಥನವರು ಊರಿನ ಜಮೀನೆಲ್ಲ ಕೈಯಲ್ಲಿದ್ದ ಗುತ್ತಿನ ಮನೆಯವರು, ಪರಿಹಾರ ತೆಗೆದುಕೊಂಡು ಪೇಟೆಗೆ ಬಂದರು. ಮಾಯಿಲಪ್ಪನವರು ಆ ಮನೆಯ ಒಕ್ಕಲು, ಅವರಿಗೆ ಸಿಕ್ಕಿದ್ದು ಕಾಟಿಪಳ್ಳದಲ್ಲಿ ಒಂದು ಸೈಟು. ಅವನನ್ನು ಮನೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಎಲ್ಲರ ಲೋಟದಂಥದೇ ಲೋಟದಲ್ಲಿ ಚಹಾ ಕೊಟ್ಟ ದಿನ ತಾರಾನಾಥನಿಗೆ ತನ್ನ ಮೇಲೆ ಒಂದು ಬಗೆಯ ಮೆಚ್ಚುಗೆ ಹುಟ್ಟಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೂ ಸ್ವಲ್ಪ ಮೆಚ್ಚುಗೆಯಿತ್ತು.

ಬಸ್ಸು ಪಣಂಬೂರಿನ ಹತ್ತಿರ ನಿಂತಿತು. ಎಡಗಡೆ ದೂರದಲ್ಲಿ ಕ್ರೇನುಗಳ ಕುತ್ತಿಗೆಗಳು ಕಾಣುತ್ತಿದ್ದವು. ಅಲ್ಲೇ ಎಲ್ಲೋ, ಹಡಗು ನಿಲ್ಲುವ ನೀರಿನ ತಳದಲ್ಲೋ ಅದಿರಿನ ರಾಶಿಯ ಅಡಿಯಲ್ಲೋ, ಅವರ ಗುತ್ತಿನ ಮನೆ ಇದ್ದದ್ದು. ಊರು ಬಿಡುವಾಗ ಅವನಿಗೆ ಹನ್ನೆರಡು ವರ್ಷ. ಆಟದ ನಕ್ಷೆಯಲ್ಲಿ ಅರಸನ ಮನೆ ಬರೆಯುವಾಗ ಇದೆಲ್ಲ ನೆನಪೇ ಆಗಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಹಳೆಯ ಅರ್ಜಿ ಫಾರಮುಗಳ ಬೆನ್ನಿಗೆ ಗೆರೆ ಎಳೆಯುತ್ತ ಹೋದ. ಕೈ ತಾನಾಗಿ ಅಂಗಳ ಬರೆಯಿತು, ಪಡುದಿಕ್ಕಿಗೆ ದನದ ಹಟ್ಟಿ, ಮೂಡುದಿಕ್ಕಿಗೆ ಜಗಲಿ, ಜಗಲಿಗೆ ಐದು ಮೆಟ್ಟಿಲು. ಹೊಸ ಮನೆಯೊಂದನ್ನು ಕಲ್ಪಿಸಿದೆ ಎಂದುಕೊಂಡಿದ್ದ. ಮಾಯಿಲಪ್ಪ ಕೊನೆಯ ಸಲ ಬಂದಿದ್ದ ಭಾನುವಾರ ಮೂವರೂ ನದಿ ದಾಟಲು ಅರಸನ ಅಪ್ಪಣೆ ಕೇಳಿಕೊಂಡು ಆ ಮನೆಗೆ ಬಂದರು. ಗುಣವತಿ, ‘ನಾನು ಒಳಗೆ ಹೋಗ್ತೇನೆ, ಕೇಳುವುದೆಂತದು’ ಎಂದು ಗುಂಡಿಯನ್ನು ನೇರ ಅಡುಗೆಮನೆಗೆ ಸರಿಸಿದಳು. ತಾರಾನಾಥ ಕಣ್ಣು ಅರೆಮುಚ್ಚಿ ಹೇಳುತ್ತ ಹೋದ, ಹೇಳುವುದರಲ್ಲಿ ಅವನಿಗೊಂದು ಸುಖವಿತ್ತು. ‘ಪಿಯುಸ್, ನಿನಗೆ ಜಗಲಿಯಲ್ಲಿ ಮಣೆ ಹಾಕಿದ್ದಾರೆ. ಹಿತ್ತಾಳೆ ಚೆಂಬಿನಲ್ಲಿ ನೀರು, ಬೆಲ್ಲ. ದುಗ್ಗಣ ಅಂಗಳದಲ್ಲಿ, ಒಣಹುಲ್ಲಿನ ಮುಟ್ಟೆಯ ಹತ್ತಿರ ನಿಂತಿದ್ದಾನೆ. ಆಳೊಬ್ಬ ಬಂದು ಗಿಂಡಿಯಿಂದ ಅವನ ಬೊಗಸೆಗೆ ಮೇಲಿನಿಂದ ನೀರು ಹೊಯ್ದ.’ ಹೇಳಿ ಮುಗಿಸಿ ಕಣ್ಣು ತೆರೆದಾಗ ಪಿಯುಸ್ ಕಿಟಕಿಯ ಹೊರಗೆ ನೋಡುತ್ತಿದ್ದ. ಮಾಯಿಲಪ್ಪ ನಿಯಮದ ಪುಸ್ತಕ ತಿರುವುತ್ತಿದ್ದ.

‘ದಾಳ ಹಾಕ್ಲಿಲ್ಲ ನೀವು,’ ಅಂದ.

‘ಎಂತಕ್ಕೆ?’

‘ಪರದೇಶಿಗಳು ಬಂದಾಗ ಮನೆಯವರು ಹೇಗೆ ನೋಡ್ತಾರೆ ಅಂತ ದಾಳವೇ ಹೇಳ್ಬೇಕು. ನೀವೇ ಬರೆದದ್ದು. ಇಪ್ಪತ್ತೇಳು.’

ತಾರಾನಾಥ, ಹೌದಲ್ಲ, ಮರೆತೆ, ಮುಂದಿನ ಸಲ, ಎಂದೇನೋ ಗೊಣಗಿದ. ಆಟ ಐದು ಗಂಟೆಯವರೆಗೂ ನಡೆಯಿತು. ದುಗ್ಗಣ ನದಿಯನ್ನೂ ದಾಟಿದ. ಆದರೆ ಹೊರಡುವ ಮೊದಲು ಮಾಯಿಲಪ್ಪ ತಾನು ಚಹಾ ಕುಡಿದ ಲೋಟವನ್ನು ನಳ್ಳಿಯ ಬುಡಕ್ಕೆ ಒಯ್ದು, ಗುಣವತಿ ‘ಇಡಿ ಮಾರಾಯ್ರೆ, ನಾನು ತೊಳೀತೇನೆ’ ಅಂದರೂ ಕೇಳದೆ, ತೊಳೆದು ಕವುಚಿಟ್ಟು ಹೋದ. ಅಕ್ಕನಿಗೆ ಅದರಲ್ಲಿ ಏನೂ ಕಾಣಲಿಲ್ಲ. ‘ಒಳ್ಳೆ ಜನ, ನಿನಗಿಂತ ವಾಸಿ,’ ಅಂದಳು. ತಾರಾನಾಥ ಮಾತ್ರ ಕುಂಬಳಕಾಯಿ ಕಳ್ಳ ಅಂದವರಿಲ್ಲದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಆ ವಾರವಿಡೀ ಕಚೇರಿಯಲ್ಲಿ ಕೂತಿದ್ದ. ಇಪ್ಪತ್ತೊಂದು ವರ್ಷದ ಹಿಂದೆ ನೀರಿಗೆ ಹೋದ ಮನೆ. ಕಲ್ಲಿಲ್ಲ, ಹೆಂಚಿಲ್ಲ, ಮನೆಯವರೂ ಚದುರಿಹೋದರು. ಅಂಗಳವೊಂದು ಮಾತ್ರ ತನ್ನ ನಾಲಿಗೆಯ ಮೇಲೆ ಗುಡಿಸಿ ಸಾರಿಸಿದ ಹಾಗೆ ಉಳಿದುಕೊಂಡಿದೆ. ಇದನ್ನು ಯೋಚಿಸುವಾಗ ಅವನಿಗೆ ದುಃಖವೇನೂ ಆಗುತ್ತಿರಲಿಲ್ಲ; ಬೇರೆ ಯಾರದ್ದೋ ಕಡತ ಓದಿದಂತಿರುತ್ತಿತ್ತು. ದುಃಖವಾಗದೆ ಇರುವುದೇ ಅವನನ್ನು ಹೆಚ್ಚು ಹೆದರಿಸಿತು. ಮತ್ತೆ, ತಿದ್ದುವುದಾದರೆ ನಿಯಮವನ್ನೇ ತಿದ್ದಬೇಕು ಎಂದುಕೊಂಡು ಒಂದು ಹಾಳೆಯಲ್ಲಿ ಬರೆದ: ಇಪ್ಪತ್ತೇಳು ಅ. ಯಾವ ಮನೆಯಲ್ಲಿಯೂ ಯಾವ ಆಟಗಾರನನ್ನೂ ಅಂಗಳದಲ್ಲಿ ನಿಲ್ಲಿಸತಕ್ಕದ್ದಲ್ಲ. ಸ್ಟೆನ್ಸಿಲ್ ಮಾಡಿಸಲು ಒಯ್ದಾಗ ಪಿಯುಸ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟ.

‘ಇದು ಆಟದ ರೂಲಾ, ಪಂಚಾಯತಿನ ಠರಾವಾ?’

‘ನೀನು ಟೈಪ್ ಮಾಡು.’

‘ಮಾಡ್ತೇನೆ. ಆದ್ರೆ ರೂಲ್ ಬರೆಯುವುದಕ್ಕಿಂತ ಒಮ್ಮೆ ಅವನ ಮನೆಗೆ ಹೋಗಿ ಬಾ ಮಾರಾಯ. ಬಸ್ಸಿನ ಟಿಕೇಟಿಗೆ ಸ್ಟೆನ್ಸಿಲಿನಷ್ಟು ಕೂಡ ಆಗುವುದಿಲ್ಲ.’

ಮಾಯಿಲಪ್ಪನ ಮನೆ ಹುಡುಕಲು ಕಷ್ಟವಾಗಲಿಲ್ಲ. ಕ್ರೇನಿನವರ ಮನೆ ಎಂದರೆ ಅಂಗಡಿಯವನೇ ಕೈ ತೋರಿಸಿದ. ಸಣ್ಣ ಹೆಂಚಿನ ಮನೆ, ಎದುರಿಗೆ ಸಿಮೆಂಟಿನ ಜಗಲಿ, ಜಗಲಿಯಲ್ಲಿ ಒಂದು ಮರದ ಬೆಂಚು, ಒಂದು ಕುರ್ಚಿ. ಮೊರದಂಥ ಬೀಡಿಯ ಸೂಪು ಮಡಿಲಲ್ಲಿಟ್ಟುಕೊಂಡು ಎಲೆ ಸುತ್ತುತ್ತಿದ್ದ ಮುದುಕಿ ಮುಖವೆತ್ತಿ ನೋಡಿದಳು. ಮಾಯಿಲಪ್ಪನ ತಾಯಿ ದೇಯಿ. ತಾರಾನಾಥ ಹೆಸರು ಹೇಳುವ ಮೊದಲೇ ಅವಳು ಸೂಪನ್ನು ಬದಿಗಿಟ್ಟು ಎದ್ದು ನಿಂತುಬಿಟ್ಟಳು.

‘ಸಣ್ಣ ಧಣಿ,’ ಅಂದಳು. ‘ಅಮ್ಮನ ಮೂಗೇ ಉಂಟು.’

ಬೇಡ ಬೇಡ ಅಂದರೂ ಸೆರಗಿನಿಂದ ಕುರ್ಚಿ ಒರಸಿದಳು. ಒಳಗಿಂದ ಬೆಲ್ಲ, ನೀರು ಬಂತು, ಹಿತ್ತಾಳೆಯ ಚೆಂಬಿನಲ್ಲಿ. ತಾನು ಮಾತ್ರ ಕೆಳಗೆ ಮೆಟ್ಟಿಲ ಬದಿಗೆ ಇಳಿದು ನಿಂತುಕೊಂಡಳು. ‘ಮೇಲೆ ಕೂತ್ಕೊಳ್ಳಿ ಅಮ್ಮಾ, ನಿಮ್ಮದೇ ಮನೆ,’ ಎಂದು ತಾರಾನಾಥ ಹೇಳಿದ, ಹೇಳಿದ ಮೇಲೆ ಆ ಮಾತು ಎಷ್ಟು ಪೊಳ್ಳೆಂದು ಅವನಿಗೇ ಕೇಳಿಸಿತು. ‘ಇರಲಿ ಧಣಿ, ನನಗೆ ಇಲ್ಲಿ ಗಾಳಿ ಬರ್ತದೆ,’ ಅಂದಳು ಅವಳು. ಗಾಳಿ ಎಲ್ಲೂ ಬರುತ್ತಿರಲಿಲ್ಲ. ಅವನು ನೀರು ಕುಡಿದು ಚೆಂಬನ್ನು ಕೆಳಗಿಟ್ಟ. ಬೈದಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ ತಾಳಿಕೊಳ್ಳಬಹುದಿತ್ತು. ಬರುವಾಗ ಬಸ್ಸಿನಲ್ಲಿ ಅದಕ್ಕೆಲ್ಲ ಉತ್ತರ ಜೋಡಿಸಿಕೊಂಡೇ ಬಂದಿದ್ದ. ಈ ಮರ್ಯಾದೆಯನ್ನು ಮಾತ್ರ ಅವನು ಎಣಿಸಿರಲಿಲ್ಲ.

ಮಾಯಿಲಪ್ಪ ಸ್ನಾನ ಮುಗಿಸಿ ಬೈರಾಸಿನಲ್ಲಿ ತಲೆ ಒರಸಿಕೊಳ್ಳುತ್ತ ಹಿಂದಿನಿಂದ ಬಂದ. ತಾರಾನಾಥನನ್ನು ನೋಡಿ ಆಶ್ಚರ್ಯವೇನೂ ಪಡಲಿಲ್ಲ. ‘ಬಂದ್ರಾ,’ ಎಂದು ಬೆಂಚಿನ ಮೇಲೆ ಕೂತ. ಬಿಸಿಲು, ಬಸ್ಸು, ಪಿಯುಸನ ಶೀತ ಇವಿಷ್ಟು ಮಾತು ಮುಗಿದ ಮೇಲೆ ತಾರಾನಾಥ ಚೀಲದಿಂದ ಸೈಕ್ಲೋಸ್ಟೈಲ್ ಹಾಳೆ ತೆಗೆದುಕೊಟ್ಟ. ಮಾಯಿಲಪ್ಪ ಓದಿದ. ಓದಿ ನಾಲ್ಕು ಮಡಿಕೆ ಮಾಡಿ ಹಿಂದೆ ಕೊಟ್ಟ.

‘ಇದು ಬೇಡ ಶೆಟ್ರೇ. ಇದನ್ನು ಹಾಕಿದ್ರೆ ಆಟದಲ್ಲಿ ಮನೆ ಬಂದಾಗಲೆಲ್ಲ ಎಲ್ಲರೂ ನನ್ನ ಮುಖ ನೋಡ್ತಾರೆ.’

‘ತಪ್ಪು ನನ್ನದು ಮಾಯಿಲಪ್ಪ. ಬಾಯಿಯಿಂದ ಹೇಗೆ ಬಂತೋ, ನನಗೇ ಗೊತ್ತಾಗ್ಲಿಲ್ಲ.’

‘ನಿಮ್ಮ ಮೇಲೆ ಸಿಟ್ಟು ಬಂದಿದ್ರೆ ಮರುವಾರವೇ ಬಂದು ಎರಡು ಮಾತು ಹೇಳಿ ಹೋಗ್ತಿದ್ದೆ.’ ಮಾಯಿಲಪ್ಪ ಬೈರಾಸನ್ನು ಹೆಗಲಿಗೆ ಹಾಕಿಕೊಂಡ. ‘ನೀವು ಕಣ್ಣು ಮುಚ್ಚಿಕೊಂಡಿದ್ರಿ, ನೋಡ್ಲಿಲ್ಲ. ನೀವು ಅಂಗಳ ಅಂತ ಹೇಳುವ ಮೊದಲೇ ನನ್ನ ಗುಂಡಿ ಅಲ್ಲಿತ್ತು. ನಾನೇ ಇಟ್ಟದ್ದು. ಪಿಯುಸಣ್ಣ ನೋಡಿದ್ದಾರೆ, ಬೇಕಾದ್ರೆ ಕೇಳಿ.’

ತಾರಾನಾಥ ಮಡಿಸಿದ ಹಾಳೆಯನ್ನು ಚೀಲಕ್ಕೆ ತುರುಕಿದ.

‘ಆ ಮನೆ ಇದ್ದ ಜಾಗದ ಮೇಲೆಯೇ ನಾನು ದಿನಾ ಎಂಟು ಗಂಟೆ ಕೂತಿರ್ತೇನೆ, ಅರುವತ್ತು ಅಡಿ ಎತ್ತರದಲ್ಲಿ. ಹಡಗಿನ ಕ್ಯಾಪ್ಟನ್ ಕೂಡ ಕತ್ತೆತ್ತಿ ನನ್ನ ಹತ್ರ ಮಾತಾಡ್ಬೇಕು. ನಕ್ಷೆ ನೋಡಿದ ಕೂಡ್ಲೇ ಮನೆ ಯಾವುದು ಅಂತ ಗೊತ್ತಾಯ್ತು. ಗೊತ್ತಾಗಿಯೂ ಕೈ ಹೋಗಿ ಅಲ್ಲಿಗೇ ಇಟ್ಟಿತು ನೋಡಿ. ಆಮೇಲೆ ನಾನು ದಾಳ ಗೀಳ ಅಂತ ನಿಮ್ಮ ತಲೆಗೆ ಕಟ್ಟಿದೆ. ಬರುವುದಕ್ಕೆ ನಾಚಿಕೆ ಆದದ್ದು ಅದಕ್ಕೆ.’

ಮೂರು ವಾರ ಹೊತ್ತುಕೊಂಡು ತಿರುಗಿದ ಅಪರಾಧದಲ್ಲಿ ಅರ್ಧ ತನ್ನದಲ್ಲ ಎಂದು ಗೊತ್ತಾದಾಗ ಹಗುರಾಗಬೇಕಿತ್ತು. ತಾರಾನಾಥನಿಗೆ ಹಗುರಾಗಲಿಲ್ಲ. ಯಾರೋ ತನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗೆ ಸಣ್ಣ ಕೋಪ ಬಂತು, ಆ ಕೋಪಕ್ಕೆ ಅಸಹ್ಯವೂ ಬಂತು. ಕ್ಷಮಿಸಿದೆ ಎಂದು ಮಾಯಿಲಪ್ಪ ಹೇಳುತ್ತಾನೆ, ತಾನು ಬಸ್ಸು ಹತ್ತಿ ಮನೆಗೆ ಹೋಗುತ್ತೇನೆ ಎಂದೇ ಅವನು ಎಣಿಸಿದ್ದ. ಅಂಥದ್ದೇನೂ ಆಗುವಂತೆ ಕಾಣಲಿಲ್ಲ. ರಸ್ತೆಯಲ್ಲಿ ಐಸ್‌ಕ್ಯಾಂಡಿಯ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ದೇಯಿ ಕೆಳಗಿನಿಂದಲೇ ಕತ್ತು ಚಾಚಿ, ‘ಅದೆಂತ ಧಣಿ, ಯಾವ ಮನೆ?’ ಎಂದು ಕೇಳಿದಳು.

ಮಾಯಿಲಪ್ಪ ತಾರಾನಾಥನ ಚೀಲಕ್ಕೆ ಕೈಹಾಕಿ ನಕ್ಷೆ ತೆಗೆದು ಬೆಂಚಿನ ಮೇಲೆ ಹರಡಿದ. ಮುದುಕಿ ಮೆಟ್ಟಿಲು ಹತ್ತಿ ಬಂದು, ಬೆಂಚಿನ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ತುಂಬ ಹೊತ್ತು ನೋಡಿದಳು. ಬೀಡಿ ಸುತ್ತಿ ತುದಿ ಹಳದಿಗಟ್ಟಿದ ಬೆರಳು ಗೆರೆಯಿಂದ ಗೆರೆಗೆ ಹೋಯಿತು. ‘ಬಾವಿ ಇಲ್ಲಿ ಅಲ್ಲ, ಇನ್ನೂ ಈಚೆ. ಇದು ಹಟ್ಟಿ. ಇಲ್ಲಿ ನಾವು ಭತ್ತ ಬಡೀತಿದ್ದದ್ದು.’ ಬೆರಳು ಐದು ಮೆಟ್ಟಿಲಿನವರೆಗೆ ಬಂದು ನಿಂತಿತು. ‘ಮದುವೆಯಾಗಿ ಬಂದಲ್ಲಿಂದ ಊರು ಬಿಡುವವರೆಗೆ ಇಲ್ಲಿ ಗೇದಿದ್ದೇನೆ. ಈ ಬಾಗಿಲಿನಿಂದ ಆಚೆ ಎಂತ ಇತ್ತು ಧಣಿ?’

ತಾರಾನಾಥ ಹೇಳಿದ. ಆಟದಲ್ಲಾಗಿದ್ದರೆ ಕೆತ್ತನೆಯ ಕಂಬ, ಬೆಳ್ಳಿಯ ತೂಗುದೀಪ, ಏಳು ಬೀಗದ ಕೋಣೆ ಎಂದು ನೆಯ್ಯುತ್ತಿದ್ದ. ಈಗ ಹೇಳಲು ಹೊರಟರೆ ಅಷ್ಟೆಲ್ಲ ಇರಲೇ ಇಲ್ಲ. ಒಂದು ಚಾವಡಿ, ಕತ್ತಲೆ. ಬಾವಲಿಯ ವಾಸನೆ. ಭತ್ತದ ಕಣಜ, ಅದರ ಪಕ್ಕದಲ್ಲಿ ಅಜ್ಜಿಯ ಮಂಚ. ಒಕ್ಕಲುಗಳೆಲ್ಲ ದೊಡ್ಡಮ್ಮನವರು ಎನ್ನುತ್ತಿದ್ದ ಅಜ್ಜಿ ಕೊನೆಯ ಆರು ವರ್ಷ ಅದರಿಂದ ಎದ್ದವಳಲ್ಲ. ಅಲ್ಲಿಂದ ಒಳಗೆ ಅಡುಗೆಮನೆ, ಹೊಗೆ. ‘ಅಷ್ಟೇ,’ ಎಂದ.

‘ಅಷ್ಟೇಯಾ?’ ಅಂದಳು ದೇಯಿ. ಅವಳ ಮುಖ ಸಣ್ಣದಾಯಿತು. ‘ನಾವು ಎಂತೆಂತದೋ ಉಂಟು ಅಂತ ತಿಳ್ಕೊಂಡಿದ್ದೆವು.’

ಮಾಯಿಲಪ್ಪ ಡಬ್ಬಿಯ ಮುಚ್ಚಳ ತೆಗೆದು ನೀಲಿ ಗುಂಡಿಯನ್ನು ಹುಡುಕಿದ. ಅದನ್ನು ಅಂಗಳದ ಆಚೆಯ ದಾರಿಯಲ್ಲಿಟ್ಟು, ಅಲ್ಲಿಂದ ಬೆರಳಿನಿಂದ ಸರಿಸುತ್ತ ಅಂಗಳ ದಾಟಿಸಿ, ಒಂದೊಂದೇ ಮೆಟ್ಟಿಲು ಹತ್ತಿಸಿ ಬಾಗಿಲಿಗೆ ತಂದು ನಿಲ್ಲಿಸಿದ. ‘ದುಗ್ಗಣ ಬಾಗಿಲು ಬಡಿದ,’ ಎಂದ, ಆಟದ ಕನ್ನಡದಲ್ಲಿ. ‘ದಾಳ ಹಾಕಿ ಶೆಟ್ರೇ.’

ತಾರಾನಾಥ ಎರಡೂ ದಾಳ ಕುಲುಕಿ ಎಸೆದ. ಬೆಂಚು ಒಂದು ಬದಿಗೆ ವಾಲಿಕೊಂಡಿತ್ತು, ದಾಳಗಳು ಉರುಳಿ ಕುರ್ಚಿಯ ಅಡಿಗೆ ಹೋಗಿ ನಿಂತವು. ಅವನು ಬಗ್ಗಿ ನೋಡಿದ. ಒಂದು, ಇನ್ನೊಂದರಲ್ಲೂ ಒಂದು. ಹದಿನಾರರ ಮಾತಿನ ತೂಕಕ್ಕೆ ಸಿಗುವ ಒಂದನ್ನು ಸೇರಿಸಿದರೂ ಮೂರು. ಮೂರು ಬಿದ್ದರೆ ಹಗೆ. ಅಮ್ಮ ಮಗ ಇಬ್ಬರೂ ನಕ್ಷೆಯನ್ನು ನೋಡುತ್ತಿದ್ದರು, ಕುರ್ಚಿಯ ಅಡಿ ಅವನೊಬ್ಬನಿಗೇ ಕಾಣುತ್ತಿತ್ತು. ಒಂಬತ್ತು ಎಂದರೆ ಸಾಕು. ಅರಸ ಎದ್ದು ಬಂದು ದುಗ್ಗಣನ ಕೈಹಿಡಿದು ಚಾವಡಿಯಲ್ಲಿ ಕೂರಿಸುತ್ತಾನೆ, ಮುದುಕಿಯ ಮುಖ ಅರಳುತ್ತದೆ, ಮಾಯಿಲಪ್ಪ ಬರುವ ಭಾನುವಾರ ಬರುತ್ತಾನೆ. ಬಗ್ಗಿದವನ ತಲೆಗೆ ರಕ್ತ ಇಳಿದು ಕಿವಿ ಗುಂಯ್ ಎನ್ನುತ್ತಿತ್ತು. ಎಷ್ಟು ಸುಲಭ, ಬೊಗಸೆಗೆ ನೀರಿನ ಹಾಗೆ ಮೇಲಿನಿಂದ ಹೊಯ್ದರೆ ಆಯಿತು.

‘ಎಷ್ಟು?’ ಎಂದ ಮಾಯಿಲಪ್ಪ.

‘ಎರಡು,’ ಅಂದ ತಾರಾನಾಥ. ದಾಳಗಳನ್ನು ಹೆಕ್ಕಿಕೊಂಡು ಎದ್ದ. ‘ಒಂದು ಸೇರಿಸಿ ಮೂರು. ಹಗೆ. ಒಳಗೆ ಬಿಡುವುದಿಲ್ಲ ಅಂತ ಹೇಳ್ತಾರೆ.’

ಮಾಯಿಲಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ನಕ್ಕ, ಮೂರು ವಾರದ ಮೇಲೆ ತಾರಾನಾಥ ನೋಡಿದ ಮೊದಲ ನಗು, ಅದರಲ್ಲಿ ಸ್ನೇಹವೇ ಇತ್ತೆಂದು ಹೇಳಲಾಗದು. ಬೆಂಚಿನ ಮೇಲೆ ಕಾಲು ಮಡಚಿ ಸರಿಯಾಗಿ ಕೂತ.

‘ಹೇಳುವುದು ಯಾರು?’

ಪುಸ್ತಕದ ಪ್ರಕಾರ ಇಬ್ಬರು ಕಾವಲುಗಾರರು, ತಲಾ ನಾಲ್ಕು ಉಸಿರು. ತಾರಾನಾಥನಿಗೆ ಬಾಗಿಲಲ್ಲಿ ಕಾವಲುಗಾರರು ಕಾಣಲಿಲ್ಲ. ‘ನನ್ನ ಸೋದರಮಾವ,’ ಎಂದ. ‘ಮನೆಯ ಯಜಮಾನ. ಕೈಯಲ್ಲಿ ಬೆತ್ತ ಉಂಟು. ಹತ್ತು ಉಸಿರು.’

‘ದುಗ್ಗಣ ಕತ್ತಿ ಹಿರಿದ.’

‘ಹದಿನಾಲ್ಕರಿಂದ ಮೇಲೆ ಬೀಳ್ಬೇಕು.’

ಮಾಯಿಲಪ್ಪ ಡಬ್ಬಿಗೆ ಕೈಹಾಕಿದ. ದೇಯಿ ತಟ್ಟನೆ ಮಗನ ಮಣಿಕಟ್ಟು ಹಿಡಿದುಕೊಂಡಳು.

‘ಮೆಲ್ಲ ಮಗಾ,’ ಅಂದಳು. ‘ಒಳಗೆ ದೊಡ್ಡಮ್ಮನವರು ಮಲಗಿದ್ದಾರೆ.’

ಯಾರೂ ನಗಲಿಲ್ಲ. ಅವಳ ಕೈ ಸಡಿಲಾಗುವವರೆಗೆ ಮಾಯಿಲಪ್ಪ ಕಾದ. ಆಮೇಲೆ ಬಿಲ್ಲೆಯೊಂದನ್ನು ಎತ್ತಿ, ತಾನು ನೋಡದೆ, ತಾರಾನಾಥನ ಅಂಗೈಯಲ್ಲಿಟ್ಟ. ಹದಿನೇಳು. ತಾರಾನಾಥ ಅದನ್ನು ಓದಿದ. ಪುಸ್ತಕ ತೆರೆದು ಪಟ್ಟಿಯನ್ನೂ ನೋಡಿದ, ನೋಡುವ ಅಗತ್ಯವಿರಲಿಲ್ಲ.

‘ತಾಗಿತು,’ ಎಂದ.